ಗಾಡಿ ಎಡಕ್ಕೆ ಎಳೆದರೆ ಮೊದಲು ಲಿಫ್ಟನ್ನು ಬೈಯಬೇಡಿ

ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರಲು ಶುರುವಾಗುತ್ತದೆ. ಲಿಫ್ಟ್ ಮಾಡಿಸಿದ್ದೇವೆ (ಅಂದರೆ ಗಾಡಿ ಎತ್ತರಿಸಿದ್ದೇವೆ), ಗಾಡಿ ಒಂದು ಕಡೆ ಎಳೆಯುತ್ತೆ, ಅಲೈನ್‌ಮೆಂಟ್ ಮಾಡಿಸಿದರೂ ಸರಿ ಹೋಗಿಲ್ಲ. ಈ ಸಲ ಒಬ್ಬರಿಗೆ ಪೂರ್ತಿ ಉತ್ತರ ಬರೆಯುತ್ತೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಟೈರಿಗೆ ಗಾಳಿ ಸರಿಯಾಗಿ ಹಾಕಿಸಿಕೊಂಡೇ ಪ್ರಶ್ನೆ ಕೇಳಿದ್ದೀರಿ ಅಂತ ನಂಬಿದ್ದೇನೆ.

ಪ್ರಶ್ನೆ: ನನ್ನದು ಜಿಪ್ಸಿ. ಎರಡು ಇಂಚು ಹೆಚ್ಚು ಉದ್ದದ ಶ್ಯಾಕಲ್ (ಪ್ಲೇಟ್ ಸೆಟ್, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿ ಎರಡು ಇಂಚು ಲಿಫ್ಟ್ ಮಾಡಿಸಿದ್ದೇನೆ. ತೋಟಕ್ಕೆ ಓಡಿಸುತ್ತೇನೆ, ಆಗಾಗ ಕೊಡಚಾದ್ರಿ ಕಡೆಗೂ ಹೋಗುತ್ತೇನೆ. ಟಾರು ರಸ್ತೆಯಲ್ಲಿ ಎಡಕ್ಕೆ ಎಳೆಯುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಎರಡು ಕಡೆ ಅಲೈನ್‌ಮೆಂಟ್ ಆಯಿತು, ಕಂಪ್ಯೂಟರ್‌ನಲ್ಲಿ ಎಲ್ಲ ಹಸಿರು. ಲಿಫ್ಟ್ ತೆಗೆಸಿಬಿಡಲೇ? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಈಗಲೇ ಬೇಡ. ಅಂದ ಹಾಗೆ, ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು. ಎರಡು ಇಂಚಿನ ದುಡ್ಡು ಕೊಟ್ಟಿದ್ದರೆ ಹೋಗಿ ಕೇಳಿ.

ನಿಮಗಿರುವುದು ಎರಡು ಕಾಯಿಲೆ. ನೀವು ಒಂದೇ ಅಂದುಕೊಂಡಿದ್ದೀರಿ. ಸ್ಟೀರಿಂಗ್ ವಾಪಸ್ ಬರದೇ ಇರುವುದು ಕ್ಯಾಸ್ಟರ್ ಕಡಿಮೆಯಾದ ಲಕ್ಷಣ. ಕ್ಯಾಸ್ಟರ್ ಅಂದರೆ ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನ, ಚಕ್ರವನ್ನು ನೇರಕ್ಕೆ ತರುವುದು ಅದೇ. ಜಿಪ್ಸಿಯ ಮುಂದಿನ ಪ್ಲೇಟ್ ಸೆಟ್‌ನಲ್ಲಿ ಶ್ಯಾಕಲ್ ಇರುವುದು ಮುಂದಿನ ತುದಿಗೆ. ಅದನ್ನು ಉದ್ದ ಮಾಡಿದರೆ ಪ್ಲೇಟಿನ ಮುಂದಿನ ತುದಿ ಕೆಳಗೆ ಹೋಗುತ್ತದೆ, ಆಕ್ಸಲ್‌ನ (ಎರಡು ಚಕ್ರದ ನಡುವಿನ ಅಡ್ಡ ದಂಡದ) ತಲೆ ಮುಂದಕ್ಕೆ ವಾಲುತ್ತದೆ. ಕ್ಯಾಸ್ಟರ್ ಹೋಯಿತು. ಆದರೆ ಎರಡೂ ಕಡೆ ಸಮನಾಗಿ ಕಡಿಮೆಯಾದರೆ ಗಾಡಿ ಅತ್ತಿತ್ತ ಅಲೆದಾಡುತ್ತದೆ, ಒಂದೇ ಕಡೆ ಎಳೆಯುವುದಿಲ್ಲ. ಎಳೆಯಬೇಕಾದರೆ ಎಡಕ್ಕೂ ಬಲಕ್ಕೂ ಎಲ್ಲೋ ವ್ಯತ್ಯಾಸ ಇರಲೇಬೇಕು. ಹುಡುಕಬೇಕಾದ್ದು ಅದನ್ನು.

ವ್ಯತ್ಯಾಸ ರಸ್ತೆಯಲ್ಲೇ ಇರಬಹುದು. ನಮ್ಮ ಮಲೆನಾಡಿನ ರಸ್ತೆ ನೀರು ಹರಿಯಲಿ ಅಂತ ಅಂಚಿಗೆ ಇಳಿಜಾರಾಗಿರುತ್ತದೆ. ಎಡಗಡೆ ಓಡಿಸುವ ನಮ್ಮ ಗಾಡಿ ಸ್ವಲ್ಪ ಎಡಕ್ಕೆ ಸರಿಯುವುದು ಸಹಜ. ಕ್ಯಾಸ್ಟರ್ ಕಡಿಮೆಯಾದ ಗಾಡಿ ಆ ಇಳಿಜಾರಿನ ಮಾತು ಜಾಸ್ತಿ ಕೇಳುತ್ತದೆ. ಹಾಗಾಗಿ ಶಿವಮೊಗ್ಗದ ಕಡೆ ಬಂದಾಗ ಸಮತಟ್ಟಾದ, ಖಾಲಿ, ನೇರ ರಸ್ತೆಯಲ್ಲಿ ಐವತ್ತರ ವೇಗದಲ್ಲಿ ನೋಡಿ. ಕೈ ಸಡಿಲ ಇರಲಿ, ಪೂರ್ತಿ ಬಿಡಬೇಡಿ. ಕೈ ಬಿಟ್ಟು ವಿಡಿಯೊ ಮಾಡಿ ಕಳಿಸುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಅಲ್ಲೂ ಎಳೆದರೆ ಮುಂದಿನ ಎರಡು ಚಕ್ರ ಅದಲು ಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ಟೈರಿನದ್ದೇ ದೋಷ, ಅಲೈನ್‌ಮೆಂಟಿಗೆ ಇನ್ನೊಂದು ರೂಪಾಯಿ ಹಾಕಬೇಡಿ. ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಅದೇ ಬದಿಯ ಹಿಂದಿನ ಚಕ್ರದ ಜೊತೆ ಬದಲಾಯಿಸಿ. ಆಮೇಲೆ ಬ್ರೇಕ್. ಹೆಚ್ಚು ಬ್ರೇಕ್ ಹಿಡಿಯದೆ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮುಂದಿನ ಎರಡೂ ಚಕ್ರದ ಹತ್ತಿರ ಕೈ ಒಡ್ಡಿ. ಮುಟ್ಟಬೇಡಿ, ಸುಡುತ್ತೆ. ಎಡಗಡೆ ಮಾತ್ರ ಬಿಸಿ ಇದ್ದರೆ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಹಿಡಿ) ಪಿನ್ ತುಕ್ಕು ಹಿಡಿದು ಪ್ಯಾಡ್ ಸಿಕ್ಕಿಹಾಕಿಕೊಂಡಿರಬಹುದು. ಮಳೆಗಾಲವಿಡೀ ಕೆಸರಲ್ಲಿ ಓಡಿದ ಗಾಡಿಯಲ್ಲಿ ಇದು ಮಾಮೂಲಿ.

ಇಷ್ಟಕ್ಕೂ ಸಿಗಲಿಲ್ಲ ಅಂದರೆ ಟೇಪ್ ಹಿಡಿಯಿರಿ. ನನ್ನ ಅನುಮಾನ ಮೊದಲಿಂದಲೂ ಇಲ್ಲೇ. ಚಕ್ರ ನೇರ ಮಾಡಿ, ಮುಂದಿನ ಹಬ್‌ನ ನಡುವಿನಿಂದ ಹಿಂದಿನ ಹಬ್‌ನ ನಡುವಿನವರೆಗೆ ಎರಡೂ ಬದಿ ಅಳೆಯಿರಿ. ಎಡಗಡೆ ಅರ್ಧ ಇಂಚು ಕಡಿಮೆ ಬಂದರೆ ಆಕ್ಸಲ್ ಎಡಬದಿಯಲ್ಲಿ ಹಿಂದೆ ಸರಿದಿದೆ. ಅಂದರೆ ಇಡೀ ಆಕ್ಸಲ್ಲೇ ಎಡಕ್ಕೆ ಮುಖ ಮಾಡಿದೆ, ಇನ್ನೇನಾಗುತ್ತೆ? ಲಿಫ್ಟ್ ಮಾಡುವಾಗ ಯು ಬೋಲ್ಟ್ (ಆಕ್ಸಲನ್ನು ಪ್ಲೇಟಿಗೆ ಬಿಗಿಯುವ ಬೋಲ್ಟ್) ಬಿಚ್ಚಿದ್ದರೆ, ಗಾಡಿ ಸ್ವಲ್ಪ ಓಡಿ ಪ್ಲೇಟ್ ಕೂತ ಮೇಲೆ ಮತ್ತೆ ಬಿಗಿ ಮಾಡಬೇಕು. ಯಾರೂ ಮಾಡುವುದಿಲ್ಲ. ಸಡಿಲವಾದ ಮೇಲೆ ಪೂರ್ತಿ ಹೊಡೆತ ಸೆಂಟರ್ ಬೋಲ್ಟ್ (ಪ್ಲೇಟುಗಳ ನಡುವೆ ತೂರಿದ ಸಣ್ಣ ಬೋಲ್ಟ್) ಮೇಲೆ ಬೀಳುತ್ತದೆ, ಕಲ್ಲು ದಾರಿಯಲ್ಲಿ ಒಂದು ದಿನ ಅದು ತುಂಡಾಗುತ್ತದೆ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ನೋಡಿ. ಆಕ್ಸಲ್ ಪ್ಲೇಟಿನ ಮೇಲೆ ಕೂರುವ ಜಾಗದಲ್ಲಿ, ಒಣಗಿದ ಕೆಂಪು ಕೆಸರಿನ ನಡುವೆ ಕಬ್ಬಿಣದ ಹೊಳೆಯುವ ಗೆರೆ ಕಂಡರೆ ಆಕ್ಸಲ್ ಜಾರಿದೆ ಅಂತಲೇ ಅರ್ಥ. ಅಂಥ ಗಾಡಿಯಲ್ಲಿ ಆಗುಂಬೆ ಘಾಟಿ ಇಳಿಯಬೇಡಿ. ಎಳೆದುಕೊಂಡು ಹೋಗಿ ಗ್ಯಾರೇಜಿಗೆ ಹಾಕಿ.

ಇನ್ನು ಎಲ್ಲ ಹಸಿರು ತೋರಿಸಿದ ನಿಮ್ಮ ಅಲೈನ್‌ಮೆಂಟ್ ಕಾಗದ. ಗಟ್ಟಿ ಆಕ್ಸಲ್ ಇರುವ ಜಿಪ್ಸಿಯಲ್ಲಿ ಆ ಅಂಗಡಿಯವರು ತಿರುಗಿಸಬಹುದಾದ್ದು ಟೋ (ಎರಡು ಚಕ್ರದ ಮುಖ ಒಳಗೋ ಹೊರಗೋ ತಿರುಗಿರುವ ಅಳತೆ) ಒಂದೇ. ಎರಡು ಚಕ್ರ ಜೋಡಿಸುವ ಟೈ ರಾಡ್ ತಿರುಗಿಸಿ ಬಿಲ್ ಕೊಟ್ಟಿದ್ದಾರೆ. ಟೋ ತಪ್ಪಿದರೆ ಟೈರ್ ತಿನ್ನುತ್ತದೆ, ಎಳೆತಕ್ಕೆ ಸಾಮಾನ್ಯವಾಗಿ ಅದು ಕಾರಣವಲ್ಲ. ಕ್ಯಾಸ್ಟರ್ ಅಳೆಯಬೇಕಾದರೆ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಿಯೇ ಅಳೆಯಬೇಕು. ನಿಮ್ಮ ಮುಂದೆ ಹಾಗೆ ಮಾಡಿದರಾ? ಇಲ್ಲ ಅಲ್ವಾ? ಹಾಗಾದರೆ ಕಾಗದದಲ್ಲಿರುವ ಕ್ಯಾಸ್ಟರ್ ಸಾಲು ಲೆಕ್ಕಕ್ಕಿಲ್ಲ.

ಎಳೆತ ಸರಿಯಾದ ಮೇಲೆ ಕ್ಯಾಸ್ಟರ್‌ಗೆ ಬನ್ನಿ. ಆಕ್ಸಲ್‌ಗೂ ಪ್ಲೇಟಿಗೂ ನಡುವೆ ಓರೆ ಶಿಮ್ (ಒಂದು ತುದಿ ದಪ್ಪ, ಇನ್ನೊಂದು ತೆಳುವಾದ ಬಿಲ್ಲೆ) ಹಾಕಬೇಕು. ನಿಮ್ಮ ಗಾಡಿಯಲ್ಲಿ ಆಕ್ಸಲ್ ಪ್ಲೇಟಿನ ಮೇಲೆ ಕೂತಿದ್ದರೆ ಶಿಮ್‌ನ ದಪ್ಪ ತುದಿ ಮುಂದಕ್ಕೆ. ಆಕ್ಸಲನ್ನು ಪ್ಲೇಟಿನ ಕೆಳಗೆ ಹಾಕಿಸಿದ್ದರೆ ಉಲ್ಟಾ. ಜಾಸ್ತಿ ಆಸೆ ಬೇಡ. ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಡಿಫರೆನ್ಷಿಯಲ್‌ನ ಮೂತಿ ಕೆಳಗೆ ಬಗ್ಗುತ್ತದೆ, ಫೋರ್ ವೀಲ್ ಹಾಕಿದಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಓರೆಯಲ್ಲೂ ತಿರುಗುವ ಜಾಯಿಂಟ್) ಸದ್ದು ಮಾಡುತ್ತದೆ. ಅಲ್ಯೂಮಿನಿಯಂ ಶಿಮ್ ಕೊಟ್ಟರೆ ವಾಪಸ್ ಕೊಡಿ, ಹಿಸುಕಿಹೋಗುತ್ತೆ. ಉಕ್ಕಿನದ್ದೇ ಬೇಕು.

ಪ್ರಶ್ನೆ: ಲಿಫ್ಟ್ ಆದ ಮೇಲೆ ಜಿಮ್ನಿ ನೇರ ಹೋಗುತ್ತೆ, ಆದರೆ ಸ್ಟೀರಿಂಗ್ ಸೊಟ್ಟ. ಸ್ಟೀರಿಂಗ್ ಬಿಚ್ಚಿ ನೇರ ಕೂರಿಸುತ್ತೇನೆ ಅಂತಾರೆ. (ಸಾಗರ)

ಉತ್ತರ: ಬಿಚ್ಚಲು ಬಿಡಬೇಡಿ, ಅದರೊಳಗೆ ಏರ್‌ಬ್ಯಾಗ್ ಇದೆ. ಎತ್ತರಿಸಿದಾಗ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಹಿಡಿಯುವ ಸರಳು) ಆಕ್ಸಲನ್ನು ಪಕ್ಕಕ್ಕೆ ಸರಿಸುತ್ತದೆ, ಡ್ರ್ಯಾಗ್ ಲಿಂಕ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ಓರೆಯಾಗುತ್ತದೆ. ಮೊದಲು ಆಕ್ಸಲ್ ನಡುವಿಗೆ ಬರಲಿ, ಆಮೇಲೆ ಡ್ರ್ಯಾಗ್ ಲಿಂಕ್‌ನಲ್ಲೇ ಸ್ಟೀರಿಂಗ್ ನೇರ ಮಾಡಿಸಿ. ಸೊಟ್ಟ ಹಾಗೇ ಬಿಟ್ಟರೆ ಗಾಡಿ ತಿರುಗುತ್ತಿದೆ ಅಂತ ಗಾಡಿ ಜಾರದಂತೆ ತಾನಾಗಿ ಬ್ರೇಕ್ ಹಿಡಿಯುವ ಇಎಸ್‌ಪಿ ತಪ್ಪು ತಿಳಿಯುತ್ತದೆ.

ಪ್ರಶ್ನೆ: ಅರವತ್ತು ದಾಟಿದರೆ ಸ್ಟೀರಿಂಗ್ ಗಡಗಡ ನಡುಗುತ್ತೆ. ದೊಡ್ಡ ಡ್ಯಾಂಪರ್ (ಸ್ಟೀರಿಂಗ್ ನಡುಕ ತಡೆಯುವ ಶಾಕ್) ಹಾಕಿಸಲೇ? (ಹೊಸನಗರ)

ಉತ್ತರ: ಬೇಡ. ಇಂಜಿನ್ ಆನ್ ಮಾಡಿ ಒಬ್ಬರು ಸ್ಟೀರಿಂಗ್ ಅಲ್ಲಾಡಿಸಲಿ, ನೀವು ಪಕ್ಕದಲ್ಲಿ ಕೂತು ಯಾವ ಜಾಯಿಂಟ್ ಕುಣಿಯುತ್ತೆ ನೋಡಿ. ಡ್ಯಾಂಪರ್ ಹಾಕಿದರೆ ನಡುಕ ಅಡಗುತ್ತೆ, ಸಡಿಲ ಹಾಗೇ ಇರುತ್ತೆ.

ಪ್ರಶ್ನೆ: ನೈಟ್ರೋಜನ್ ಹಾಕಿಸಿದರೆ ಎಳೆತ ಹೋಗುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ಆಕ್ಸಲ್ ಬಗ್ಗಿದೆಯಂತೆ. ಗ್ಯಾಸಲ್ಲಿ ಕಾಯಿಸಿ ನೇರ ಮಾಡಿಕೊಡ್ತಾರಂತೆ, ಮಾಡಿಸಲೇ? (ಶಿಕಾರಿಪುರ)

ಉತ್ತರ: ಹಾಗೆ ಮಾಡುವವರ ಗ್ಯಾರೇಜಿಗೆ ಇನ್ನು ಕಾಲಿಡಬೇಡಿ. ಕಾಯಿಸಿದ ಕಬ್ಬಿಣದ ಬಲ ಹೋಗುತ್ತದೆ. ಹೌಸಿಂಗ್ (ಆಕ್ಸಲ್ ಹೊರ ಕವಚ) ಬದಲಾಯಿಸಿ.

ಪ್ರಶ್ನೆ: ಹೊಸ ಥಾರ್‌ಗೆ ಸ್ಪೇಸರ್ (ಸ್ಪ್ರಿಂಗ್ ಜೊತೆ ಇಡುವ ದಪ್ಪ ಬಿಲ್ಲೆ) ಹಾಕಿ ನಾಲ್ಕು ಇಂಚು ಏರಿಸಬಹುದಾ?

ಉತ್ತರ: ಅದರ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್, ಎರಡು ಚಕ್ರವೂ ಬೇರೆ ಬೇರೆಯಾಗಿ ಆಡುತ್ತವೆ. ಅಷ್ಟು ಏರಿಸಿದರೆ ಡ್ರೈವ್ ಶಾಫ್ಟ್‌ನ ಜಾಯಿಂಟ್ ವಿಪರೀತ ಓರೆಯಾಗಿ ಬೂಟ್ (ರಬ್ಬರ್ ಮುಸುಕು) ಹರಿಯುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ (ಗಾಡಿ ಮಾರ್ಪಡಿಸುವುದರ ಬಗ್ಗೆ ಇರುವುದು) ಓದಿಕೊಂಡು ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ನನ್ನನ್ನಲ್ಲ.