ಎಂಎಸ್ಸಿ ಫಿಸಿಕ್ಸ್ ಮಾಡಿದೋರನ್ನ ಆಂಟೆನಾ ರಿಸರ್ಚ್‌ಗೆ ತಗೋತಾರಾ?

ತಗೋತಾರೆ, ಆರಾಮಾಗಿ ಅಪ್ಲೈ ಮಾಡಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರೀಲಿ ಎಂಎಸ್ಸಿ ಮುಗಿಸಿ ಇಂಜಿನಿಯರಿಂಗ್ ಓದಿಲ್ವಲ್ಲ ಅಂತ ಹೆದರಿದೀರ, ಆದ್ರೆ ಆಂಟೆನಾ ಅನ್ನೋದೇ ವಿದ್ಯುತ್ಕಾಂತೀಯ ಅಲೆಗಳನ್ನ ವಿವರಿಸೋ ಮ್ಯಾಕ್ಸ್‌ವೆಲ್ ಸಮೀಕರಣಗಳ ಆಟ, ನೀವು ಎಲೆಕ್ಟ್ರೋಡೈನಮಿಕ್ಸ್‌ನಲ್ಲಿ ಓದಿದ್ದೂ ಅದೇ ತಾನೆ. ಆಂಟೆನಾ ಎಷ್ಟುದ್ದ ಇರಬೇಕು ಅನ್ನೋದು ಅಲೆಯ ಉದ್ದದ ಮೇಲೆ ಹೋಗುತ್ತೆ: ಮೈಸೂರು ಆಕಾಶವಾಣಿ 100.6 ಮೆಗಾಹರ್ಟ್ಸ್, ಅಂದ್ರೆ ಅಲೆಯ ಉದ್ದ ಸುಮಾರು 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್, ಹಳೇ ಕಾರಿನ ಕಡ್ಡಿ ಆಂಟೆನಾ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ ನೋಡಿ.

ಬೆಂಗಳೂರಿನ ರಾಮನ್ ಇನ್‌ಸ್ಟಿಟ್ಯೂಟ್‌ನೋರು 2020ರಲ್ಲಿ ಸರಸ್ ಅನ್ನೋ ಆಂಟೆನಾನ ಶರಾವತಿ ಹಿನ್ನೀರಲ್ಲಿ ತೇಲಿಬಿಟ್ಟಿದ್ರು, ಬ್ರಹ್ಮಾಂಡದ ಮೊದಮೊದಲ ನಕ್ಷತ್ರಗಳ ಕಾಲದ ಸಿಗ್ನಲ್ ಹುಡುಕೋಕೆ. ನೀರಲ್ಲೇ ಯಾಕೆ ಅಂದ್ರೆ ಮಣ್ಣು ಅಡಿಯಲ್ಲಿ ಒಂದೊಂದ್ ಕಡೆ ಒಂದೊಂದ್ ಥರ ಇದ್ದು ಅಳತೆ ಕೆಡಿಸುತ್ತೆ, ನೀರು ಒಂದೇ ಸಮ. ಈಗ ಇದು ಫಿಸಿಕ್ಸಾ ಇಂಜಿನಿಯರಿಂಗಾ, ನೀವೇ ಹೇಳಿ!

ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾಗಿದ್ರೆ ಪ್ರಾಜೆಕ್ಟ್ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಪೋಸ್ಟ್ ಕೇಳಬಹುದು, ಕೇಂದ್ರದ ಫಂಡ್ ಇರೋ ಪ್ರಾಜೆಕ್ಟಲ್ಲಿ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಕೆಲವು ಪೋಸ್ಟ್‌ಗೆ ಮಾತ್ರ ಬಿಇ ಆಗಿರಲೇಬೇಕು ಅಂತಿರುತ್ತೆ, ಅದನ್ನ ನೋಟಿಫಿಕೇಶನ್‌ನಲ್ಲಿ ಮೊದಲೇ ನೋಡ್ಕೊಳ್ಳಿ.