ನಿಮ್ಮ ಪ್ರವಾಸ, ನನ್ನ ಉತ್ತರ: ಸಂಜೆ ಹೊತ್ತಲ್ಲಿ ಜೈಲಿಗೆ ಹೋಗಬೇಕಾ?

ಪ್ರಶ್ನೆ: ಮಗ ಸನ್ನಿವೇಲ್‌ನಲ್ಲಿದ್ದಾನೆ. ಮುಂದಿನ ತಿಂಗಳು ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಆಲ್ಕಟ್ರಾಜ್ ಅಂತ ದ್ವೀಪ, ಅಲ್ಲೊಂದು ಹಳೇ ಜೈಲು ಇದೆಯಂತೆ. ಸಂಜೆ ಟೂರ್‌ಗೆ ಟಿಕೆಟ್ ಮಾಡ್ತೀನಿ ಅಂತಾನೆ. ನಮ್ಮ ಯಜಮಾನರು, "ಅಷ್ಟು ದೂರ ಹೋಗಿ ಜೈಲು ನೋಡೋದಾ, ಅದೂ ಕತ್ತಲಲ್ಲಿ?" ಅಂತಾರೆ. ನನಗೆ ಮಂಡಿನೋವು ಬೇರೆ. ಏನು ಮಾಡಲಿ ಮೇಡಂ?
– ಗೃಹಿಣಿ, ಹಾಸನ

ಹೋಗಿ. ಸಂಜೆಯೇ ಹೋಗಿ. ಯಜಮಾನರನ್ನೂ ಬಿಡಬೇಡಿ.

ಮಗಳು ಫ್ರೀಮಾಂಟ್‌ನಲ್ಲಿದ್ದಾಗ ನಾನು ಎರಡು ಸಲ ಅಲ್ಲಿಗೆ ಹೋಗಿದ್ದೆ. ಒಮ್ಮೆ ಮಧ್ಯಾಹ್ನ, ಇನ್ನೊಮ್ಮೆ ಸಂಜೆ. ಮಧ್ಯಾಹ್ನ ಹೋದಾಗ ಒಂದು ಹಳೇ ಕಟ್ಟಡ ನೋಡಿ ಬಂದೆ, ಅಷ್ಟೇ. ಸಂಜೆ ಹೋದ ದಿನ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮೊದಲು ಮಂಡಿ ವಿಷಯ ಹೇಳಿಬಿಡುತ್ತೇನೆ. ಬೋಟ್ ಇಳಿದ ಜಾಗದಿಂದ ಜೈಲಿನ ಬಾಗಿಲಿಗೆ ಕಾಲು ಮೈಲಿ ದಾರಿ. ಪೂರ್ತಿ ಏರು, ಸುಮಾರು 130 ಅಡಿ ಎತ್ತರ. ನಡೆಯಲಾಗದವರಿಗೆ ಎಲೆಕ್ಟ್ರಿಕ್ ಗಾಡಿ ಇದೆ. ಇಳಿದ ಕೂಡಲೇ ದ್ವೀಪವನ್ನು ನೋಡಿಕೊಳ್ಳುವ ರಾಷ್ಟ್ರೀಯ ಪಾರ್ಕ್ ಸಿಬ್ಬಂದಿಯನ್ನು ಕೇಳಿ, ಸಂಕೋಚ ಬೇಡ. ಸ್ವೆಟರ್ ಸಾಲದು, ಗಾಳಿ ತಡೆಯುವ ಜಾಕೆಟ್ಟೂ ಬೇಕು, ತಲೆಗೆ ಸ್ಕಾರ್ಫೂ ಬೇಕು. ಬೇಸಿಗೆಯಲ್ಲೂ ಅಲ್ಲಿ ಗಾಳಿ ಕೊರೆಯುತ್ತದೆ. ಮೇಲೆ ತಿನ್ನೋಕೆ ಏನೂ ಸಿಗುವುದಿಲ್ಲ, ಹೊಟ್ಟೆಗೆ ಹಾಕಿಕೊಂಡೇ ಹೊರಡಿ. ಸಂಜೆ ಟೂರ್ ದಿನಾ ಇರುವುದಿಲ್ಲ, ಟಿಕೆಟ್ ಬೇಗ ಖಾಲಿಯಾಗುತ್ತದೆ. ಮಗನಿಗೆ ಈಗಲೇ ಹೇಳಿ.

ಪಿಯರ್ 33ರಿಂದ ಬೋಟ್ ಹೊರಡುತ್ತದೆ. ಸಂಜೆಯ ಬೋಟ್ ಸೀದಾ ಹೋಗಿ ನಿಲ್ಲುವುದಿಲ್ಲ, ದ್ವೀಪಕ್ಕೆ ಒಂದು ಸುತ್ತು ಹಾಕುತ್ತದೆ. ಆಚೆ ಗೋಲ್ಡನ್ ಗೇಟ್ ಸೇತುವೆ ಹಿಂದೆ ಸೂರ್ಯ ಮುಳುಗುತ್ತಿರುತ್ತಾನೆ. ಎಲ್ಲರೂ ಆ ಕಡೆ ಫೋಟೋ ತೆಗೆಯುತ್ತಾರೆ. ನೀವು ಒಂದು ನಿಮಿಷ ಹಿಂದಕ್ಕೆ ತಿರುಗಿ ಊರನ್ನು ನೋಡಿ. ಎಷ್ಟು ಹತ್ತಿರ ಅನ್ನಿಸುತ್ತದೆ ಅಲ್ವಾ? ದಡಕ್ಕೆ ಬರೀ ಎರಡು ಕಿಲೋಮೀಟರ್.

ನನಗೆ ನಿದ್ದೆ ಕೆಡಿಸಿದ್ದು ಆ ಹತ್ತಿರವೇ. ಒಳಗೆ ಹೋದಾಗ ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನ್ ಕೊಡುತ್ತಾರೆ. ಅದರಲ್ಲಿ ಮಾತಾಡುವವರು ನಟರಲ್ಲ. ಅಲ್ಲಿ ಕಾವಲಿದ್ದವರು, ಅಲ್ಲಿ ಶಿಕ್ಷೆ ಅನುಭವಿಸಿದವರು. ಹೊಸ ವರ್ಷದ ರಾತ್ರಿ ದಡದಲ್ಲಿ ಪಾರ್ಟಿ ಮಾಡುವವರ ಗಲಾಟೆ, ಹೆಂಗಸರ ನಗು ನೀರಿನ ಮೇಲೆ ತೇಲಿ ಬಂದು ಕೋಣೆಯೊಳಗೆ ಕೇಳುತ್ತಿತ್ತಂತೆ. ಹಗಲಲ್ಲಿ ಇದು ಒಂದು ಕಥೆ. ಕತ್ತಲಲ್ಲಿ, ಕಿಟಕಿಯಾಚೆ ಊರಿನ ದೀಪ ಒಂದೊಂದೇ ಹತ್ತಿಕೊಳ್ಳುವಾಗ ಕೇಳಿ ನೋಡಿ. ನನಗೆ ಗಂಟಲು ಕಟ್ಟಿತು.

ಕೋಣೆ 5 ಅಡಿ ಅಗಲ, 9 ಅಡಿ ಉದ್ದ. ಒಂದರೊಳಗೆ ನಿಂತು ಎರಡೂ ಕೈ ಚಾಚಿದೆ, ಎರಡೂ ಗೋಡೆ ಬೆರಳಿಗೆ ತಾಗಿದವು. ಡಿ ಬ್ಲಾಕ್‌ನಲ್ಲಿ ಬೆಳಕೇ ಇಲ್ಲದ ಕೋಣೆಗಳಿವೆ. ಅಲ್ಲಿ ಹಾಕಿದಾಗ ತಾನೇನು ಮಾಡುತ್ತಿದ್ದೆ ಅಂತ ಒಬ್ಬ ಹಳೆಯ ಕೈದಿ ಹೇಳುತ್ತಾನೆ. ಬಟ್ಟೆಯಿಂದ ಒಂದು ಗುಂಡಿ ಕಿತ್ತು ಮೇಲಕ್ಕೆ ಎಸೆಯೋದು. ತಾನೇ ನಾಲ್ಕಾರು ಸುತ್ತು ತಿರುಗೋದು. ಆಮೇಲೆ ನೆಲದ ಮೇಲೆ ಅಂಗೈ, ಮಂಡಿ ಊರಿ ಆ ಗುಂಡಿ ಹುಡುಕೋದು. ಸಿಕ್ಕಿದ ಮೇಲೆ ಮತ್ತೆ ಎಸೆಯೋದು. ಬುದ್ಧಿ ಕೈ ತಪ್ಪಬಾರದು ಅಂತ.

ಅಡುಗೆಮನೆ ತಪ್ಪಿಸಬೇಡಿ. ಚಾಕು ನೇತು ಹಾಕುವ ಹಲಗೆಯ ಮೇಲೆ ಪ್ರತಿ ಚಾಕುವಿನ ಆಕಾರವನ್ನು ಬಣ್ಣದಲ್ಲಿ ಬರೆದಿದ್ದಾರೆ. ಒಂದು ಕಾಣೆಯಾದರೂ ಖಾಲಿ ನೆರಳು ಕಂಡುಬಿಡಬೇಕು. 1963ರ ಮಾರ್ಚ್ 21ರಂದು ಜೈಲು ಮುಚ್ಚಿತು. ಆವತ್ತಿನ ಕೊನೆಯ ತಿಂಡಿಯ ಪಟ್ಟಿ ಇನ್ನೂ ಅಲ್ಲೇ ಇದೆ: ಮೊಟ್ಟೆ, ಟೋಸ್ಟ್, ಹಾಲು, ಕಾಫಿ. ಮುಚ್ಚಿದ್ದು ಖರ್ಚು ತಾಳಲಾರದೆ. ಕುಡಿಯುವ ನೀರಿನಿಂದ ಹಿಡಿದು ಎಲ್ಲವೂ ದೋಣಿಯಲ್ಲಿ ಬರಬೇಕಿತ್ತು, ಉಪ್ಪುಗಾಳಿಗೆ ಗೋಡೆ, ಕಬ್ಬಿಣ ಎರಡೂ ಸವೆದುಹೋಗುತ್ತಿದ್ದವು.

ಇನ್ನೊಂದು ಮಾತು. ಎಲ್ಲರೂ ಅಲ್ಲಿ ಕೈದಿಯಾಗಿದ್ದ ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಪೋನೆಯ ಹೆಸರು ಹೇಳುತ್ತಾರೆ, ಹೋಪಿ ಜನರ ಹೆಸರು ಹೇಳುವವರು ಕಡಿಮೆ. ಈಗಿನ ಕಟ್ಟಡ ಕಟ್ಟುವುದಕ್ಕೆ ಮುಂಚೆ ಅಲ್ಲಿ ಸೈನ್ಯದ ಜೈಲಿತ್ತು. 1895ರಲ್ಲಿ ಅರಿಜೋನಾದ ಹೋಪಿ ಬುಡಕಟ್ಟಿನ 19 ಜನರನ್ನು ತಂದು ಅಲ್ಲಿ ಏಳು ತಿಂಗಳು ಕೂಡಿ ಹಾಕಿದರು. ಅವರೇನು ಕಳ್ಳತನ ಮಾಡಿರಲಿಲ್ಲ. ತಮ್ಮ ಮಕ್ಕಳನ್ನು ಸರ್ಕಾರದ ಶಾಲೆಗೆ ಕಳಿಸುವುದಿಲ್ಲ ಅಂದಿದ್ದರು. ಆ ಶಾಲೆಗಳಲ್ಲಿ ಮಕ್ಕಳ ಭಾಷೆಯನ್ನೇ ಬಿಡಿಸುತ್ತಿದ್ದರು. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು. ಮನೆಮಾತಿಗಾಗಿ ಅಪ್ಪಂದಿರು ಈ ಬಂಡೆಯ ಮೇಲೆ ಚಳಿಯಲ್ಲಿ ಕೂತಿದ್ದರು ಅಂತ ತಿಳಿದಾಗ ಸುಮ್ನೆ ಒಂದು ಕಡೆ ನಿಂತುಬಿಟ್ಟೆ.

ಬೋಟ್ ಇಳಿಯುವಾಗಲೇ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ "ಇಂಡಿಯನ್ಸ್ ವೆಲ್‌ಕಮ್" ಅಂತ ಕಾಣುತ್ತದೆ. ಅದು ನಮ್ಮ ಬಗ್ಗೆ ಅಲ್ಲ. 1969ರ ನವೆಂಬರ್‌ನಲ್ಲಿ ಅಮೆರಿಕದ ಮೂಲನಿವಾಸಿಗಳು ಬಂದು, ಇದು ನಮ್ಮ ನೆಲ ಅಂತ ಹತ್ತೊಂಬತ್ತು ತಿಂಗಳು ಇಲ್ಲೇ ಉಳಿದಿದ್ದರು. ಆಗ ಬರೆದದ್ದು. ಪಾರ್ಕಿನವರು ಅದನ್ನು ಅಳಿಸದೆ ಉಳಿಸಿಕೊಂಡಿದ್ದಾರೆ, ಅದು ನನಗೆ ತುಂಬಾ ಇಷ್ಟವಾಯಿತು. ಯಜಮಾನರಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ, ಆಗ ಅವರು ಜೈಲು ಯಾಕೆ ಅಂತ ಕೇಳುವುದಿಲ್ಲ.

ಪ್ರಶ್ನೆ: ಆಲ್ಕಟ್ರಾಜ್‌ನಿಂದ ಯಾರೂ ತಪ್ಪಿಸಿಕೊಂಡಿಲ್ಲ ಅಂತ ನಮ್ಮ ಮಾಮ, ಮೂವರು ತಪ್ಪಿಸಿಕೊಂಡರು ಅಂತ ನಾನು. ಯಾರು ಸರಿ?
– ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಮಾಮನ ಜೊತೆ ಜಗಳ ಬೇಡ, ಪುಟ್ಟಿ. 1962ರ ಜೂನ್ 11ರ ರಾತ್ರಿ ಫ್ರಾಂಕ್ ಮಾರಿಸ್, ಜಾನ್ ಮತ್ತು ಕ್ಲಾರೆನ್ಸ್ ಆಂಗ್ಲಿನ್ ಅನ್ನುವ ಮೂವರು ದ್ವೀಪ ಬಿಟ್ಟರು, ಇಷ್ಟು ನಿಜ. ಚಮಚದಂಥ ಸಾಮಾನಿನಿಂದ ಗೋಡೆಯ ಗಾಳಿಕಿಂಡಿ ಸುತ್ತ ತಿಂಗಳುಗಟ್ಟಲೆ ಕೊರೆದಿದ್ದರು. ಐವತ್ತಕ್ಕೂ ಜಾಸ್ತಿ ರೇನ್‌ಕೋಟ್ ಸೇರಿಸಿ ತೆಪ್ಪ ಮಾಡಿದ್ದರು. ಹಾಸಿಗೆ ಮೇಲೆ ಸೋಪು, ಕಾಗದದಿಂದ ಮಾಡಿದ ತಲೆ ಇಟ್ಟು, ಜೈಲಿನ ಕ್ಷೌರದ ಅಂಗಡಿಯಿಂದ ತಂದ ಕೂದಲು ಅಂಟಿಸಿದ್ದರು. ಅಂಥ ತಲೆಗಳನ್ನು ಆ ಕೋಣೆಗಳಲ್ಲೇ ಈಗಲೂ ಇಟ್ಟು ತೋರಿಸುತ್ತಾರೆ. ಸರಳಿನಿಂದ ನೋಡಿದರೆ ಯಾರೋ ಮಲಗಿದ್ದಾರೆ ಅಂತಲೇ ಅನ್ನಿಸುತ್ತದೆ. ಆಮೇಲೆ ಅವರು ಬದುಕಿದರೋ, ಆ ತಣ್ಣನೆ ನೀರಲ್ಲಿ ಮುಳುಗಿದರೋ? ಮೂವರ ಹೆಣವೂ ಸಿಗಲಿಲ್ಲ, ಮೂವರೂ ಸಿಗಲಿಲ್ಲ. ಎಫ್‌ಬಿಐ 1979ರಲ್ಲಿ ಫೈಲು ಮುಚ್ಚಿತು. ಹುಡುಕುವ ಕೆಲಸವನ್ನು, ತಲೆಮರೆಸಿಕೊಂಡವರನ್ನು ಹಿಡಿಯುವ ಅಮೆರಿಕದ ಮಾರ್ಷಲ್ ಇಲಾಖೆ ಮುಂದುವರಿಸಿತು.

ಪ್ರಶ್ನೆ: ಅಮೆರಿಕಕ್ಕೆ ಹೋಗೋ ಯೋಗ ನಮಗಿಲ್ಲ. ಇಂಥದ್ದು ನಮ್ಮ ದೇಶದಲ್ಲಿ ಇದೆಯಾ?
– ನಿವೃತ್ತ ಕಂಡಕ್ಟರ್, ಹುಬ್ಬಳ್ಳಿ

ಇದೆ, ಅಂಡಮಾನಿನ ಸೆಲ್ಯುಲರ್ ಜೈಲು. ಬ್ರಿಟಿಷರು 1896ರಿಂದ 1906ರವರೆಗೆ ಕಟ್ಟಿದ್ದು. ಏಳು ಸಾಲು ಕಟ್ಟಡಗಳಿದ್ದವು, ಈಗ ಮೂರೇ ಉಳಿದಿವೆ. ಒಂದು ಸಾಲಿನ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಮುಖ ಮಾಡಿರುತ್ತದೆ. ಒಬ್ಬ ಕೈದಿ ಇನ್ನೊಬ್ಬನ ಮುಖ ನೋಡುವ ಹಾಗಿರಲಿಲ್ಲ. ಹಗಲಲ್ಲಿ ಕೋಣೆಗಳನ್ನು, ಎಣ್ಣೆ ಗಾಣವನ್ನು ನೋಡಿಕೊಳ್ಳಿ. ಎತ್ತು ತಿರುಗಿಸುವ ಗಾಣವನ್ನು ಮನುಷ್ಯರಿಂದ ತಿರುಗಿಸಿದ್ದು ಅದು. ಸಂಜೆ ಬೆಳಕು-ಧ್ವನಿ ಪ್ರದರ್ಶನಕ್ಕೆ ಮತ್ತೆ ಬನ್ನಿ. ನಾನು ನೋಡಿದಾಗ ಕಥೆ ಹೇಳುತ್ತಿದ್ದದ್ದು ಅಂಗಳದ ಅರಳಿಮರ. ಈ ಜೈಲಿರುವ ಊರು ಪೋರ್ಟ್ ಬ್ಲೇರ್‌ಗೆ ಈಗ ಶ್ರೀ ವಿಜಯಪುರಂ ಅಂತ ಹೆಸರು. ಟಿಕೆಟ್ ಮಾಡುವಾಗ ಗೊಂದಲ ಆಗದಿರಲಿ.