ತಮ್ಮನ ಮೇಲೆ ಕೇಸಿದೆ ಅಂತ ನಮ್ಮ ಮನೆ ಕೆಡವಬಹುದೇ?

ನೀವು ಕೇಳಿದ್ದು: ಮನೆ ಗಂಗಾವತಿಯಲ್ಲಿ, ತಂದೆಯ ಹೆಸರಲ್ಲಿದೆ; ಮೇಲಿನ ಅಂತಸ್ತಿಗೆ ಪರವಾನಗಿ ಇಲ್ಲ. ಹೊಡೆದಾಟದ ಕೇಸಿನಲ್ಲಿ ತಮ್ಮ ಊರು ಬಿಟ್ಟಿದ್ದಾನೆ. ‘ಜೆಸಿಬಿ ಬರ್ತದ’ ಎಂದು ಓಣಿಯವರು ಹೆದರಿಸುತ್ತಿದ್ದಾರೆ.

ಕೇಸಿದೆ ಎಂಬ ಕಾರಣಕ್ಕೆ ಕೆಡವುವಂತಿಲ್ಲ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಆ ತೀರ್ಪು ಅಕ್ರಮ ಕಟ್ಟಡವನ್ನು ಸಕ್ರಮ ಮಾಡಿಲ್ಲ. ನಿಮಗೆ ಅಪಾಯ ಇರುವುದು ಎಫ್‌ಐಆರ್‌ನಿಂದಲ್ಲ, ಮೇಲಿನ ಅಂತಸ್ತಿನಿಂದ. ಅದಕ್ಕೇ ತಮ್ಮ ನಿರಪರಾಧಿ ಎಂದು ನಗರಸಭೆಯ ಮುಂದೆ ವಾದಿಸುತ್ತ ಕೂರಬೇಡಿ. ಅದು ಬೇರೆ ಕೋರ್ಟಿನ ಮಾತು.

ತೀರ್ಪಿನ ಪ್ರಕಾರ ನಗರಸಭೆ ಮೊದಲು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ಮನೆಯ ಹೊರಗೋಡೆಗೂ ಅಂಟಿಸಬೇಕು. ಉಲ್ಲಂಘನೆ ಏನು, ಯಾವ ದಾಖಲೆ ತರಬೇಕು, ವಿಚಾರಣೆ ಯಾವತ್ತು ಎಂಬುದೆಲ್ಲ ಅದರಲ್ಲಿರಬೇಕು. ಕೈಗೆ ಸೇರಿದ ದಿನದಿಂದ ಕನಿಷ್ಠ 15 ದಿನ ಕಾಲಾವಕಾಶ. ಹಳೆಯ ತಾರೀಖು ಹಾಕುವ ಆಟ ನಡೆಯಬಾರದೆಂದೇ ನೋಟಿಸಿನ ಮಾಹಿತಿ ಜಿಲ್ಲಾಧಿಕಾರಿ ಕಚೇರಿಗೆ ಕೂಡಲೇ ಇಮೇಲ್‌ನಲ್ಲಿ ಹೋಗಬೇಕೆಂಬ ನಿಯಮವಿದೆ. ಪೋಸ್ಟ್‌ಮ್ಯಾನ್ ಬಂದಾಗ ‘ತಗೊಳ್ಳಲ್ಲ’ ಎಂದು ವಾಪಸ್ ಕಳಿಸುವುದು ಜನ ಮಾಡುವ ದೊಡ್ಡ ತಪ್ಪು. ನಿರಾಕರಿಸಿದರೂ ತಲುಪಿದಂತೆಯೇ ಲೆಕ್ಕ, ನಿಮ್ಮ 15 ದಿನ ಸುಮ್ಮನೆ ಕಳೆದುಹೋಗುತ್ತದೆ.

ಉತ್ತರವನ್ನು ತಂದೆಯವರ ಸಹಿಯಲ್ಲೇ ಕೊಡಿ. ಉತಾರ (ಆಸ್ತಿ ದಾಖಲೆಯ ಪ್ರತಿ), ತೆರಿಗೆ ರಸೀದಿ, ಕೆಳ ಅಂತಸ್ತಿನ ಪರವಾನಗಿ, ಕರೆಂಟ್ ಬಿಲ್ಲಿನ ನಕಲು ಲಗತ್ತಿಸಿ, ನಗರಸಭೆಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಖುದ್ದು ವಿಚಾರಣೆ ಬೇಕು, ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಲು ಅವಕಾಶವಿದ್ದರೆ ಕೊಡಿ ಎಂದು ಬರೆಯಿರಿ. ಸಕ್ರಮಕ್ಕೆ ಅವಕಾಶ ಇದೆಯೇ, ಒಂದು ಭಾಗ ತೆಗೆದರೆ ಸಾಕೇ, ಕೆಡವುವುದೊಂದೇ ದಾರಿ ಯಾಕೆ ಎಂಬುದಕ್ಕೆ ಅಂತಿಮ ಆದೇಶದಲ್ಲಿ ಕಾರಣ ಇರಲೇಬೇಕು.

ಇನ್ನೊಂದು ಕೆಲಸ ಇವತ್ತೇ ಮಾಡಿ. ಅಕ್ಕಪಕ್ಕ ಪರವಾನಗಿ ಇಲ್ಲದ ಇಂಥವೇ ಅಂತಸ್ತುಗಳಿದ್ದರೆ ಫೋಟೊ ತೆಗೆದಿಡಿ. ಸಾಲಿನಲ್ಲಿ ಒಂದೇ ಮನೆಯನ್ನು ದಿಢೀರ್ ಆರಿಸಿಕೊಂಡು, ಅದು ಆರೋಪಿಯ ಮನೆಯೂ ಆಗಿದ್ದರೆ, ಉದ್ದೇಶ ಶಿಕ್ಷೆಯೇ ಎಂದು ಊಹಿಸಲು ಈ ತೀರ್ಪಿನಲ್ಲಿ ಎಡೆಯಿದೆ. ಅಲ್ಲವೆಂದು ತೋರಿಸುವ ಹೊಣೆ ಆಗ ಅಧಿಕಾರಿಗಳದ್ದು.

ಆದೇಶ ಬಂದ ಮೇಲೂ 15 ದಿನ ಮುಟ್ಟುವಂತಿಲ್ಲ. ಆ ಅವಧಿಯಲ್ಲೇ ಮೇಲ್ಮನವಿ ಹಾಕಿ ತಡೆ ಕೇಳಿ. ನೋಟಿಸೇ ಇಲ್ಲದೆ ಯಂತ್ರ ಬಂದರೆ ಆದೇಶದ ಪ್ರತಿ ಕೇಳಿ, ವಿಡಿಯೊ ಮಾಡಿ, ಜಿಲ್ಲಾಧಿಕಾರಿಗೆ ಮೇಲ್ ಹಾಕಿ, ಅದೇ ದಿನ ಧಾರವಾಡ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕಿಸಿ (ಕೊಪ್ಪಳ, ಬಳ್ಳಾರಿಗೆ ಧಾರವಾಡ, ರಾಯಚೂರಿನವರಾದರೆ ಕಲಬುರಗಿ). ನಿರ್ದೇಶನ ಮೀರಿದ ಅಧಿಕಾರಿ ಸ್ವಂತ ಖರ್ಚಿನಲ್ಲಿ ಕಟ್ಟಿಸಿಕೊಡಬೇಕಾಗುತ್ತದೆ.

ರಸ್ತೆ, ಫುಟ್‌ಪಾತ್, ರೈಲ್ವೆ ಹಳಿಯ ಬದಿ, ನದಿ ಅಥವಾ ಕೆರೆಯ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ತಾಗಿದ ಮನೆಯಾದರೆ ಅಧಿಕಾರಿಗಳು ಇದನ್ನೇ ಮುಂದಿಡುವ ಸಾಧ್ಯತೆ ಹೆಚ್ಚು; ಮೊದಲು ಸರ್ವೆ ನಕ್ಷೆ ನೋಡಿಕೊಳ್ಳಿ.

ತಮ್ಮ ಹೀಗೇ ತಲೆಮರೆಸಿಕೊಂಡಿದ್ದರೆ ಕೋರ್ಟು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 84ರಡಿ ಘೋಷಣೆ ಹೊರಡಿಸಿ, 85ರಡಿ ಅವನ ಆಸ್ತಿ ಜಪ್ತಿ ಮಾಡಬಹುದು. ಜಪ್ತಿ ಎಂದರೆ ಕೆಡವುವುದಲ್ಲ, ತಂದೆಯ ಸ್ವಂತ ಆಸ್ತಿ ಅವನದೂ ಅಲ್ಲ. ಆದರೂ ವಕೀಲರ ಮೂಲಕ ಬೇಗ ಹಾಜರಾಗಲಿ. ವಕೀಲರ ಫೀ ಭಾರವಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.